ಬೆಟ್ಟವೇರುವ ಅಧಿಕಾರ

ಶುಕ್ರವಾರ ರಾತ್ರಿ ಬೆಂಗಳೂರನ್ನು ಬಿಟ್ಟು, ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕಳಸದ ಸೀಮೆಯನ್ನು ಸೇರಿ, ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ಕುದುರೆಮುಖದ ಶಿಖರವನ್ನು ಏರಿ, ಸಂಜೆಯೊಳಗೆ ಇಳಿದು, ಭಾನುವಾರ ಮನೆಗೆ ಮರಳುವ ತರುಣ ತರುಣಿಯರು ಈಗ ಬಹುಮಂದಿ. ವಿದ್ಯಾವಂತರ ಮನೆಗಳಲ್ಲಿ ಇದೊಂದು ವಾಡಿಕೆಯೇ ಆಗಿಹೋಗಿದೆ. ಮಗನು ಹೊಸಲು ದಾಟಿ ಒಳಗೆ ಬಂದೊಡನೆ ತಂದೆಯು, “ಎಷ್ಟು ಎತ್ತರವಪ್ಪಾ?” ಎಂದು ಕೇಳುವನು. ತಾಯಿಯು, “ಊಟಕ್ಕೇನು ಮಾಡಿದೆ? ಇಂಬಳ ಕಚ್ಚಿತೇನು?” ಎಂದು ವಿಚಾರಿಸುವಳು. ತಂಗಿಯು ಚಿತ್ರಗಳನ್ನು ನೋಡುವಳು. ಅಲ್ಲಿಗೆ ಆ ಪ್ರಸಂಗವು ಮುಗಿಯಿತು. “ಯಾವ ಹಳ್ಳವನ್ನು ದಾಟಿದೆ? ಅದರ ನೀರು ಎಲ್ಲಿಗೆ ಹೋಗುವುದು?” ಎಂದು ಕೇಳುವವರು ಮಾತ್ರ ಒಬ್ಬರೂ ಇಲ್ಲ.

ಈ ಒಂದು ದಿನದ ಗಿರಿವಿಹಾರವನ್ನು ಕುರಿತು ಈಗ ನಾಡಿನಲ್ಲಿ ವಾದವೆದ್ದಿದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಸುಬ್ರಹ್ಮಣ್ಯದ ಬಳಿಯ ಕುಮಾರಪರ್ವತಕ್ಕೆ ಸಾವಿರಾರು ಜನರು ಒಮ್ಮೆಗೇ ನುಗ್ಗಿದರು. ಬೆಟ್ಟದ ದಾರಿಯು ಜಾತ್ರೆಯ ಬೀದಿಯಂತಾಯಿತು. ಅದನ್ನು ಕಂಡು ಸರ್ಕಾರವು ಕೆಲವು ಕಾಲ ಇಂತಹ ಬೆಟ್ಟಗಳಿಗೆ ಹೋಗುವುದನ್ನೇ ತಡೆದು, ಅದೇ ವರ್ಷ ಮುಂಗಡವಾಗಿ ಚೀಟಿ ಪಡೆಯುವ ಕ್ರಮವನ್ನೂ, ದಾರಿಯೊಂದಕ್ಕೆ ದಿನಕ್ಕೆ 300 ಜನರೆಂಬ ಮಿತಿಯನ್ನೂ ತಂದಿತು. ಅಂದಿನಿಂದ ಎರಡು ಪಕ್ಷಗಳು ಹುಟ್ಟಿವೆ. ಬೆಟ್ಟವು ಎಲ್ಲರ ಸ್ವತ್ತು, ಅದಕ್ಕೆ ಎಣಿಕೆಯ ಬೇಲಿಯನ್ನು ಹಾಕುವುದು ಅನ್ಯಾಯವೆನ್ನುವುದು ಒಂದು ಪಕ್ಷ. ಕಾಡಿಗೆ ಮನುಷ್ಯನ ಸಂಪರ್ಕವೇ ಬೇಡ, ದಾರಿಗಳನ್ನು ಪೂರ್ತಿಯಾಗಿ ಮುಚ್ಚಿಬಿಡಬೇಕೆನ್ನುವುದು ಇನ್ನೊಂದು. ಮೊದಲನೆಯದನ್ನು ಹಕ್ಕಿನ ಪಕ್ಷವೆಂದೂ ಎರಡನೆಯದನ್ನು ನಿಷೇಧದ ಪಕ್ಷವೆಂದೂ ಕರೆಯಬಹುದು. ಎರಡರಲ್ಲಿಯೂ ಸತ್ಯದ ಅಂಶವುಂಟು. ಆದರೂ ವಿಚಾರಮಾಡಿ ನೋಡಿದರೆ ಎರಡೂ ನಿಲ್ಲತಕ್ಕವುಗಳಲ್ಲ.

ಮೊದಲು ವಿಷಯವು ಯಾವುದೆಂಬುದನ್ನು ತಿಳಿದುಕೊಳ್ಳಬೇಕು. ಕುದುರೆಮುಖವು ಬರಿಯ ಒಂದು ಶಿಖರದ ಹೆಸರಲ್ಲ. ಅದರ ಸುತ್ತಣ ಸುಮಾರು 600 ಚದರ ಕಿಲೋಮೀಟರು ಮಲೆಯು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳಲ್ಲಿ ಅದು ಹಬ್ಬಿದೆ. ಶಿಖರದ ಎತ್ತರವು ಸುಮಾರು 1,890 ಮೀಟರು. ಒಂದು ದಿಕ್ಕಿನಿಂದ ನೋಡಿದಾಗ ಕುದುರೆಯ ಮೋರೆಯಂತೆ ಕಾಣುವುದರಿಂದ ಆ ಹೆಸರು ಬಂದಿತು. ಕಣಿವೆಗಳ ಮಡಿಲಲ್ಲಿ ಕುಳ್ಳು ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಬೆನ್ನುಗಳ ಮೇಲೆಲ್ಲ ಹುಲ್ಲು. ಆ ಕಾಡಿನ ಬುಡದಲ್ಲಿ ಕೊಳೆತ ಎಲೆಯ ಮೆತ್ತೆಯು ಮಳೆಗಾಲದ ನೀರನ್ನು ಹೀರಿಕೊಂಡು, ಮಳೆ ನಿಂತ ಮೇಲೆ ಅದನ್ನು ಸ್ವಲ್ಪಸ್ವಲ್ಪವಾಗಿ ಹಳ್ಳಗಳಿಗೆ ಬಿಡುವುದು. ಇದೇ ಉದ್ಯಾನದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವುವು. ಕಾಟಿ, ಕಡವೆ, ಹುಲಿಗಳೂ, ಮರದ ತಲೆಯನ್ನು ಬಿಟ್ಟು ಸುಲಭದಲ್ಲಿ ಇಳಿಯದ ಸಿಂಗಳೀಕವೂ ಅಲ್ಲಿಯ ನಿವಾಸಿಗಳು.

ಇಂತಹ ಸ್ಥಳದಲ್ಲಿ ಕಳೆಯುವ ಒಂದು ದಿನವು ಹೇಗಿರುವುದು? ಹೋಗಿಬರುವ ದಾರಿಯು ಸುಮಾರು 20 ಕಿಲೋಮೀಟರು. ಬೆಳಗ್ಗೆ ಹೊರಟವನು ಮೊದಲು ಹಳ್ಳಗಳನ್ನು ದಾಟುವನು. ಕಾಡಿನ ಕತ್ತಲೆಯನ್ನು ಹೊಕ್ಕು ಹೊರಬರುವನು. ಆಮೇಲೆ ಹುಲ್ಲಿನ ಬೆನ್ನಿನ ಮೇಲೆ ಗಾಳಿಗೆ ಎದೆಯೊಡ್ಡಿ ಏರುವನು. ಮೇಲೆ ರಾತ್ರಿ ತಂಗಲು ಅಪ್ಪಣೆಯಿಲ್ಲ, ಕತ್ತಲಾಗುವುದರೊಳಗೆ ಇಳಿಯಬೇಕು. ಹೀಗಾಗಿ ಕೈಯಲ್ಲಿರುವುದು ಹತ್ತು ಗಂಟೆಗಳು ಮಾತ್ರ. ಈ ಹತ್ತು ಗಂಟೆಗಳಲ್ಲಿ ಬಹುಮಂದಿಯ ಲಕ್ಷ್ಯವೆಲ್ಲ ಶಿಖರದ ಮೇಲೆಯೇ. ಹಳ್ಳವು ಕಾಲು ನೆನೆಸುವ ಅಡ್ಡಿ. ಕಾಡು ಬೇಗ ದಾಟಬೇಕಾದ ಸುರಂಗ. ಹುಲ್ಲು ಚಿತ್ರಕ್ಕೆ ಹಿನ್ನೆಲೆ. ಶಿಖರದಲ್ಲಿ ಕೈಯೆತ್ತಿ ನಿಂತು ಚಿತ್ರ ತೆಗೆಸಿಕೊಂಡ ಕ್ಷಣಕ್ಕೆ ಯಾತ್ರೆಯು ಸಫಲವಾಯಿತೆಂದು ತಿಳಿಯುವರು. ಮಂಜು ಮುಸುಕಿ ಚಿತ್ರವು ಬರದಿದ್ದರೆ ದಿನವೇ ವ್ಯರ್ಥವಾಯಿತೆಂದು ಮರುಗುವವರೂ ಉಂಟು.

ಈ ನಡೆಗೆ ಈಗ ರೂಢಿಯಲ್ಲಿರುವ ಹೆಸರು ‘ಚಾರಣ’. ಹಳೆಯ ಗ್ರಂಥಗಳಲ್ಲಿ ಚಾರಣರೆಂದರೆ ಸಿದ್ಧರೊಡನೆ ಗಿರಿಶಿಖರಗಳಲ್ಲಿ ಸಂಚರಿಸುತ್ತ ದೇವತೆಗಳ ಕೀರ್ತಿಯನ್ನು ಹಾಡುವವರು. ಅಮರಕೋಶದಲ್ಲಿಯಾದರೋ ಅದೇ ಪದಕ್ಕೆ ನಟವರ್ಗದ ನಡುವೆ ಸ್ಥಾನವಿದೆ. ಅಲ್ಲಿ ಚಾರಣನೆಂದರೆ ಕುಶೀಲವ, ವೇಷಧಾರಿ. ಒಂದೇ ಪದವು ಬೆಟ್ಟವನ್ನು ಹೊಗಳುವವನಿಗೂ ತನ್ನನ್ನು ಪ್ರದರ್ಶಿಸಿಕೊಳ್ಳುವವನಿಗೂ ಸಲ್ಲುವುದು ವಿಚಿತ್ರ. ಇಂದಿನ ಚಾರಣವು ಈ ಎರಡರ್ಥಗಳಲ್ಲಿ ಯಾವುದಕ್ಕೆ ಸಮೀಪವೆಂಬುದನ್ನು ಶಿಖರದ ಮೇಲೆ ಅರ್ಧ ಗಂಟೆ ಕುಳಿತು ನೋಡಿದವರು ಬಲ್ಲರು.

ಇನ್ನು ಹಕ್ಕಿನ ಪಕ್ಷದವರ ಮಾತು. ಅವರು ಹೇಳುವುದೇನೆಂದರೆ: ಕಾಡು ರಾಷ್ಟ್ರದ್ದು, ರಾಷ್ಟ್ರವು ಪ್ರಜೆಗಳದ್ದು, ಶುಲ್ಕವನ್ನು ಕೊಟ್ಟವನನ್ನು ತಡೆಯಲು ಯಾರಿಗೆ ಅಧಿಕಾರ? ನಡೆಯುವವನ ಕಾಲಿನಿಂದ ಬೆಟ್ಟಕ್ಕೆ ಏನಾದೀತು?

ಇದಕ್ಕೆ ಮೊದಲ ಉತ್ತರವನ್ನು ಶಾಸನವೇ ಕೊಡುವುದು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡಲು ಅನುಮತಿ ಬೇಕು. ಅನುಮತಿ ಕೊಡಬಹುದಾದ ಕಾರಣಗಳಲ್ಲಿ ವನ್ಯಜೀವಿಗಳ ಅಧ್ಯಯನ, ಛಾಯಾಚಿತ್ರ, ವೈಜ್ಞಾನಿಕ ಸಂಶೋಧನೆಗಳ ಜೊತೆಗೆ ಪ್ರವಾಸವನ್ನೂ ಅದು ಹೆಸರಿಸಿದೆ. ಎಂದರೆ ಪ್ರವಾಸಿಯು ಅಲ್ಲಿಗೆ ಬರಬಹುದು. ಆದರೆ ಬರುವುದು ಅತಿಥಿಯಾಗಿ, ಒಡೆಯನಾಗಿ ಅಲ್ಲ. ಶುಲ್ಕವು ಬಾಗಿಲು ತೆರೆಸುವ ಕಾಣಿಕೆಯೇ ಹೊರತು ಮನೆಯ ಕ್ರಯಪತ್ರವಲ್ಲ.

ಎರಡನೆಯ ಉತ್ತರವನ್ನು ನೆಲವೇ ಕೊಡುವುದು. ಒಂದು ಕಾಲು ಹುಲ್ಲನ್ನು ತುಳಿದರೆ ಹುಲ್ಲು ಮತ್ತೆ ಏಳುವುದು. ನೂರು ಕಾಲುಗಳು ಒಂದೇ ಜಾಗದಲ್ಲಿ ತುಳಿದರೆ ಬೇರಿನ ಹೆಣಿಗೆ ಹರಿದು ಮಣ್ಣು ಹೊರಬೀಳುವುದು. ತುಳಿತಕ್ಕೆ ಗಟ್ಟಿಯಾದ ಮಣ್ಣಿನೊಳಕ್ಕೆ ನೀರು ಇಂಗದು. ಅದು ಮೇಲೆಯೇ ಹರಿಯುವುದು. ಮಲೆನಾಡಿನ ಮಳೆಯಲ್ಲಿ ಕಾಲುದಾರಿಯೇ ಕಾಲುವೆಯಾಗುವುದು. ಕಾಲುವೆಯು ಕೆಸರಾಗಿ ಜಾರುತ್ತದೆಂದು ಹಿಂದಿನಿಂದ ಬಂದವನು ಪಕ್ಕದ ಹುಲ್ಲಿನ ಮೇಲೆ ಕಾಲಿಡುವನು. ಅವನ ಹಿಂದಿನವನು ಅದಕ್ಕೂ ಪಕ್ಕದಲ್ಲಿ. ಹೀಗೆ ಒಂದು ದಾರಿಯು ಎರಡಾಗಿ, ಎರಡು ನಾಲ್ಕಾಗಿ, ಹಸುರು ಬೆನ್ನಿನ ಮೇಲೆ ಕೆಂಪು ಬರೆಗಳು ಬೀಳುವುವು. ಸುತ್ತು ದಾರಿಯನ್ನು ಬಿಟ್ಟು ನೆಟ್ಟಗೆ ಇಳಿಯುವ ಚಪಲದವರು ಈ ಬರೆಗಳನ್ನು ಇನ್ನೂ ಆಳಮಾಡುವರು. ಅಲ್ಲಿಂದ ಕೊಚ್ಚಿದ ಮಣ್ಣು ಹಳ್ಳವನ್ನು ಸೇರುವುದು. ಇವರಲ್ಲಿ ಪಾಪಿಗಳು ಯಾರೂ ಇಲ್ಲ. ಪ್ರತಿಯೊಬ್ಬನೂ ತನ್ನ ಕಾಲನ್ನು ಕೆಸರಿನಿಂದ ಉಳಿಸಿಕೊಂಡನು, ಅಷ್ಟೇ. ಆದುದರಿಂದಲೇ ಎಣಿಕೆಯ ಮಿತಿಯು ಯುಕ್ತವಾದುದು. ಒಬ್ಬನ ನಡತೆಯಲ್ಲಿ ಕಾಣದ ದೋಷವು ಸಾವಿರ ಜನರ ಮೊತ್ತದಲ್ಲಿ ಕಾಣುವುದರಿಂದ ಮೊತ್ತಕ್ಕೇ ಕಡಿವಾಣ ಹಾಕಬೇಕಾಯಿತು.

ಈ ಪಕ್ಷದವರು ಇನ್ನೊಂದು ಯುಕ್ತಿಯನ್ನೂ ಹೂಡುವರು: “ಇದೇ ಬೆಟ್ಟವನ್ನು ಕಬ್ಬಿಣದ ಅದುರಿಗಾಗಿ ವರ್ಷಗಟ್ಟಲೆ ಅಗೆದರಲ್ಲ, ಅದರ ಮುಂದೆ ನಡೆಯುವವನ ಹೆಜ್ಜೆ ಎಷ್ಟರದು?” ಗಣಿಗೂ ಹೆಜ್ಜೆಗೂ ಅಜಗಜಾಂತರವಿರುವುದು ನಿಜ. ಆ ಗಣಿಯ ಕಂಪನಿಯು 1976ರಲ್ಲಿ ಸ್ಥಾಪಿತವಾಯಿತು. ಅದುರನ್ನು ಅರೆದು, ನೀರಿನಲ್ಲಿ ಕಲಸಿ, ಘಟ್ಟದ ಕೆಳಗೆ ಮಂಗಳೂರಿಗೆ ಕೊಳವೆಯಲ್ಲಿ ಹರಿಸಿದರು; ಉಳಿದ ಹೂಳನ್ನು ತಡೆದಿಡಲು ಲಕ್ಯಾ ಹೊಳೆಗೆ ಅಡ್ಡಲಾಗಿ ಎತ್ತರವಾದ ಅಣೆಯನ್ನು ಕಟ್ಟಿದರು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯಿತು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನಿತ್ತಿತು. 2005ರ ಕೊನೆಯಲ್ಲಿ ಗಣಿಗಾರಿಕೆಯು ನಿಂತಿತು. ಇಷ್ಟು ದೊಡ್ಡ ಗಾಯವನ್ನು ಕಂಡ ಬೆಟ್ಟಕ್ಕೆ ಸಣ್ಣ ಗಾಯಗಳು ಸಲ್ಲುವುವೆಂಬುದು ಯಾವ ನ್ಯಾಯ? ಜ್ವರದಿಂದ ಎದ್ದವನಿಗೆ ಬಿಸಿಲಿನ ಭಯವಿಲ್ಲವೆಂದು ಹೇಳಿದಂತಾಯಿತು.

ಆದರೆ ಆ ಗಣಿಯ ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಅದು ನಿಷೇಧದ ಪಕ್ಷದವರಿಗೂ ಒಂದು ಪಾಠವನ್ನು ಹೇಳುವುದು. ಈ ಮಲೆಯು ರಾಷ್ಟ್ರೀಯ ಉದ್ಯಾನವಾದುದು ಹೇಗೆ? 1983-84ರಲ್ಲಿ ಕೆ. ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರು ಕಾಡು ಕಾಡು ಅಲೆದು ಕರ್ನಾಟಕದ ಸಿಂಗಳೀಕಗಳ ನೆಲೆಗಳನ್ನು ಪರಿಶೀಲಿಸಿದರು. ಈ ಪ್ರಾಣಿಯು ಉಳಿಯಬೇಕಾದರೆ ಕುದುರೆಮುಖದ ಅಖಂಡವಾದ ಕಾಡು ಉಳಿಯಬೇಕೆಂಬುದು ಆ ಪರಿಶೀಲನೆಯಿಂದ ತಿಳಿಯಿತು; ಅದರ ಫಲವೇ 1987ರ ಘೋಷಣೆ. ಗಣಿಯನ್ನು ನಿಲ್ಲಿಸಿದ ಮೊಕದ್ದಮೆಯು ಯಾರ ಹೆಸರಿನಲ್ಲಿದೆ? ನಾಗರಹೊಳೆಯಲ್ಲಿ ಬಹುಕಾಲ ಅರಣ್ಯಾಧಿಕಾರಿಯಾಗಿದ್ದು, ಕಾಡನ್ನು ಹೆಜ್ಜೆಹೆಜ್ಜೆಗೂ ಅರಿತಿದ್ದ ಕೆ. ಎಂ. ಚಿಣ್ಣಪ್ಪನವರ ಹೆಸರಿನಲ್ಲಿದೆ. ಇವರಿಬ್ಬರೂ ಕಾಡನ್ನು ದೂರದಿಂದ ಪೂಜಿಸಿದವರಲ್ಲ, ಅದರೊಳಗೆ ನಡೆದವರು. ನಡೆದುದರಿಂದ ಕಂಡರು, ಕಂಡುದರಿಂದ ವಾದಿಸಿದರು. ಯಾರೂ ನಡೆಯದ ಕಾಡಿಗೆ ಸಾಕ್ಷಿಗಳಿಲ್ಲ. ಸಾಕ್ಷಿಯಿಲ್ಲದ ಸ್ವತ್ತನ್ನು ಕಬಳಿಸುವುದು ಎಷ್ಟು ಸುಲಭವೆಂಬುದನ್ನು ನ್ಯಾಯಸ್ಥಾನದ ಮೆಟ್ಟಿಲು ಹತ್ತಿದ ಯಾವ ಗೃಹಸ್ಥನಾದರೂ ಬಲ್ಲನು. ದಾರಿಗಳನ್ನೆಲ್ಲ ಮುಚ್ಚಿದರೆ ನಾಳೆ ಇನ್ನೊಂದು ಗಣಿಯೋ, ಅಣೆಯೋ, ಹೆದ್ದಾರಿಯೋ ಬಂದಾಗ ಅದನ್ನು ಬೇಡವೆನ್ನುವ ತಲೆಮಾರು ಎಲ್ಲಿಂದ ಬರಬೇಕು? ಚಿತ್ರದಲ್ಲಿ ಕಂಡ ಬೆಟ್ಟಕ್ಕಾಗಿ ಯಾರೂ ಕೋರ್ಟಿಗೆ ಹೋಗಲಾರರು.

ನಿಷೇಧದ ಪಕ್ಷವು ಮರೆಯುವ ಇನ್ನೊಂದು ಸಂಗತಿಯುಂಟು. ಈ ಮಲೆಯಲ್ಲಿ ಮಲೆಕುಡಿಯರೇ ಮೊದಲಾದ ಜನರು ತಲೆಮಾರುಗಳಿಂದ ಬದುಕಿದ್ದಾರೆ. ಉದ್ಯಾನವಾದಂದಿನಿಂದ ಅವರ ಮುಂದೆ, ಇರಬೇಕೆ, ಬಿಟ್ಟು ಹೋಗಬೇಕೆ ಎಂಬ ಪ್ರಶ್ನೆಯು ನಿಂತಿದೆ. ಕಾಡಿನ ಹಿತಕ್ಕಾಗಿ ಕೆಲವರು ಪರಿಹಾರವನ್ನು ಪಡೆದು ಹೊರಬಂದರು; ಕೆಲವರು ಬರಲೊಲ್ಲೆವೆಂದರು. ಈ ಎರಡರ ಗುಣದೋಷವನ್ನು ಇಲ್ಲಿ ತೂಗಬೇಕಾಗಿಲ್ಲ. ಆದರೆ ಹುಟ್ಟಿದ ಮನೆಯನ್ನು ಕಾಡಿನ ಹೆಸರಿನಲ್ಲಿ ಬಿಡಬೇಕೆಂಬ ಮಾತನ್ನು ಕೇಳಿದವನ ಮುಂದೆ, ಒಂದು ದಿನದ ಮಟ್ಟಿಗೆ ಬಂದ ಪಟ್ಟಣಿಗನು “ಚೀಟಿ ಸಿಗಲಿಲ್ಲ, ನನ್ನ ಹಕ್ಕು ಹೋಯಿತು” ಎಂದು ಗೋಳಾಡುವುದು ಸಭ್ಯವಲ್ಲ. ಹಾಗೆಯೇ, ಇಂತಹ ಬೆಟ್ಟಗಳ ಬುಡದಲ್ಲಿ ದಾರಿ ತೋರಿಸಿಯೂ, ಅತಿಥಿಗಳಿಗೆ ಅನ್ನವನ್ನು ಬೇಯಿಸಿಯೂ ಜೀವಿಸುವ ಕುಟುಂಬಗಳ ಒಲೆಯನ್ನು ಒಂದೇ ಅಪ್ಪಣೆಯಿಂದ ಆರಿಸುವುದೂ ಧರ್ಮವಲ್ಲ.

ಹಾಗಾದರೆ ಸಿದ್ಧಾಂತವೇನು? ಹಕ್ಕು, ನಿಷೇಧ ಎಂಬ ಎರಡು ಪದಗಳ ನಡುವೆ ಮೂರನೆಯದೊಂದು ಪದವು ಶಾಸ್ತ್ರದಲ್ಲಿದೆ, ಅದು ‘ಅಧಿಕಾರ’. ಇಂದು ಆ ಪದಕ್ಕೆ ಕುರ್ಚಿ, ಮೊಹರು, ದರ್ಪ ಎಂಬ ಅರ್ಥವು ಅಂಟಿಕೊಂಡಿದೆ. ಶಾಸ್ತ್ರಕಾರರು ಅದನ್ನು ಯೋಗ್ಯತೆಯೆಂಬ ಅರ್ಥದಲ್ಲಿ ಹೇಳಿದರು. ಒಂದು ಗ್ರಂಥವನ್ನು ಆರಂಭಿಸುವ ಮೊದಲು, ಇದಕ್ಕೆ ಅಧಿಕಾರಿ ಯಾರು ಎಂದು ಕೇಳುವರು. ಎಂದರೆ ಯಾವ ಸಿದ್ಧತೆಯುಳ್ಳವನಿಗೆ ಇದರಿಂದ ಪ್ರಯೋಜನವೆಂದು. ಈ ಪದವನ್ನು ಹಿಂದೆ ಹುಟ್ಟಿನ ಲೆಕ್ಕದಿಂದ ಅರ್ಥಮಾಡಿ, ಎಷ್ಟೋ ಜನರನ್ನು ಶಾಲೆಯಿಂದಲೂ ಕೆರೆಯಿಂದಲೂ ಗುಡಿಯಿಂದಲೂ ಹೊರಗಿಟ್ಟರು. ಆ ಅಪರಾಧವನ್ನು ಒಪ್ಪಿಕೊಂಡ ಮೇಲೆಯೇ ಆ ಪದವನ್ನು ಮತ್ತೆ ಬಳಸುವ ಧೈರ್ಯವು ಬರತಕ್ಕದ್ದು. ಇಲ್ಲಿ ಹೇಳುವ ಅಧಿಕಾರವು ಹುಟ್ಟಿನದೂ ಅಲ್ಲ, ಹಣದ್ದೂ ಅಲ್ಲ. ಅದು ಅಭ್ಯಾಸದಿಂದ ಬರುವುದು, ಯಾರಾದರೂ ಪಡೆಯಬಹುದು, ಪಡೆಯದೆ ಇದ್ದವನು ಶ್ರೀಮಂತನಾದರೂ ಬೆಟ್ಟಕ್ಕೆ ಹೊರೆಯೇ.

ಆ ಸಿದ್ಧತೆಯು ದೊಡ್ಡದೇನೂ ಅಲ್ಲ. ಮೊದಲನೆಯದಾಗಿ, ಹೋಗುವವನು ತಾನು ಹೋಗುವ ಸ್ಥಳವನ್ನು ಅರಿತಿರಬೇಕು: ಅಲ್ಲಿಯ ನೀರು ಯಾವ ನದಿಯದು, ಅಲ್ಲಿಯ ಪ್ರಾಣಿ ಯಾವುದು, ಹುಲ್ಲು ಯಾವ ತಿಂಗಳಲ್ಲಿ ಒಣಗಿ ಬೆಂಕಿಗೆ ಬಾಯ್ತೆರೆಯುವುದು. ಎರಡನೆಯದಾಗಿ, ದಾರಿ ತೋರಿಸುವವನನ್ನು ಸೇವಕನೆಂದೆಣಿಸದೆ ಗುರುವೆಂದೆಣಿಸಬೇಕು. ಅವನು ಮುಂದೆ ನಡೆಯಲಿ. ಅವನು ನಿಂತಲ್ಲಿ ಉಳಿದವರು ನಿಲ್ಲಲಿ. ಮೂರನೆಯದಾಗಿ, ಕೆಸರಿದ್ದರೂ ಇರುವ ದಾರಿಯಲ್ಲಿಯೇ ಕಾಲಿಡಬೇಕು. ಬೂಟು ತೊಳೆದರೆ ಶುಭ್ರವಾಗುವುದು, ಕೊಚ್ಚಿಹೋದ ಮಣ್ಣು ಮರಳಿ ಬಾರದು. ನಾಲ್ಕನೆಯದಾಗಿ, ಹೊತ್ತುಕೊಂಡು ಹೋದ ಪ್ರತಿಯೊಂದು ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಹೊತ್ತುಕೊಂಡೇ ಬರಬೇಕು. ಕೋತಿಗೆ ಬಿಸ್ಕತ್ತನ್ನು ಎಸೆಯುವುದು ದಯೆಯಲ್ಲ. ಮರದ ಮೇಲೆ ಬಾಳುವ ಪ್ರಾಣಿಯನ್ನು ನೆಲಕ್ಕಿಳಿಸಿ ಭಿಕ್ಷುಕನನ್ನಾಗಿ ಮಾಡುವ ಕ್ರಮವದು. ಐದನೆಯದು ಎಲ್ಲಕ್ಕಿಂತ ಕಷ್ಟವಾದುದು, ಮೌನ. ಹಾಡಿನ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟವೇರುವವನು ಪಟ್ಟಣವನ್ನು ಬಿಟ್ಟು ಬಂದವನಲ್ಲ. ಪಟ್ಟಣವನ್ನೇ ಹೊತ್ತು ತಂದವನು. ಮುಂಜಾನೆ ಏಳುವಾಗ ನೆಲಕ್ಕೆ ಕಾಲು ಸೋಕುವ ಮೊದಲು ಭೂಮಿಯ ಕ್ಷಮೆಯನ್ನು ಬೇಡುವ ಸಂಪ್ರದಾಯವು ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಹಾಸಿಗೆಯ ಪಕ್ಕದ ಸಿಮೆಂಟಿನ ನೆಲದಲ್ಲಿ ಆ ವಿನಯವು ಸುಲಭ. ಅದರ ಪರೀಕ್ಷೆಯಾಗುವುದು ಹುಲ್ಲಿನ ಬೆನ್ನಿನ ಮೇಲೆ.

ಸರ್ಕಾರದ 300ರ ಮಿತಿಯು ತಲೆಗಳನ್ನು ಎಣಿಸಬಲ್ಲುದು. ಈ ಐದರಲ್ಲಿ ಒಂದನ್ನೂ ಅಳೆಯಲಾರದು. ಅಧಿಕಾರವಿಲ್ಲದ 300 ಜನರು ಒಂದು ದಿನದಲ್ಲಿ ಮಾಡುವ ಹಾನಿಯನ್ನು ಅಧಿಕಾರವುಳ್ಳ ಅಷ್ಟೇ ಜನರು ಮಾಡಲಾರರು. ಮಿತಿಯು ಬೇಕು, ಮಿತಿಯೊಂದೇ ಸಾಲದು. ಕೊರತೆಯನ್ನು ತುಂಬಬೇಕಾದುದು ಅರಣ್ಯದ ಕಾವಲುಗಾರನಲ್ಲ, ಆ ತರುಣನನ್ನು ಬೆಳೆಸಿದ ಮನೆ. ಊಟದೆಲೆಯಲ್ಲಿ ಅನ್ನವನ್ನು ಚೆಲ್ಲಬಾರದೆಂದು ಕಲಿಸಿದವರು, ಗುಡಿಯ ಹೊರಗೆ ಚಪ್ಪಲಿಯನ್ನು ಬಿಡಿಸಿದವರು, ಬೆಟ್ಟದ ವಿಷಯದಲ್ಲಿ ಮಾತ್ರ ಏನನ್ನೂ ಕಲಿಸದೆ, ಎತ್ತರವೆಷ್ಟೆಂದು ಕೇಳಿ ಸುಮ್ಮನಾಗುವುದೇಕೆ?

ಇಷ್ಟಕ್ಕೆ ಒಂದು ಆಕ್ಷೇಪವು ಬಾರದಿರದು: “ವಾರವೆಲ್ಲ ಯಂತ್ರದ ಮುಂದೆ ಕುಳಿತು ಬೇಸತ್ತವನು ಒಂದು ದಿನ ತಂಪು ಗಾಳಿಗಾಗಿ ಹೋದರೆ ಅವನಿಗೂ ಪಾಠವೇ? ವಿನೋದಕ್ಕೂ ವ್ರತವೇ?” ಆಕ್ಷೇಪದಲ್ಲಿ ಕನಿಕರವಿದೆ, ಅದನ್ನು ತಳ್ಳಿಹಾಕಬಾರದು. ದಣಿದವನಿಗೆ ವಿಶ್ರಾಂತಿಯು ಬೇಕು. ಆದರೆ ರಾತ್ರಿಯೆಲ್ಲ ನಿದ್ರೆಗೆಟ್ಟು, ಹಗಲೆಲ್ಲ ಗಡಿಯಾರವನ್ನು ನೋಡುತ್ತ, ಮುಂದಿನವನನ್ನು ಹಿಂದೆಹಾಕುವ ಆತುರದಲ್ಲಿ 20 ಕಿಲೋಮೀಟರನ್ನು ಮುಗಿಸಿ, ಮತ್ತೆ ವಾಹನದಲ್ಲಿ ತೂಕಡಿಸುತ್ತ ಮರಳುವವನಿಗೆ ದೊರೆತ ವಿಶ್ರಾಂತಿಯು ಯಾವುದು? ಅವನು ಕಚೇರಿಯ ಕ್ರಮವನ್ನೇ ಬೆಟ್ಟಕ್ಕೂ ತಂದನು: ಗುರಿ, ಗಡುವು, ವರದಿ. ಎರಡನೆಯ ಹಳ್ಳದ ಬಳಿ ಒಂದು ಗಂಟೆ ಸುಮ್ಮನೆ ಕುಳಿತವನಿಗೆ ಸಿಕ್ಕುವ ತಂಪು ಅವನಿಗೆ ಶಿಖರದಲ್ಲಿಯೂ ಸಿಕ್ಕಲಿಲ್ಲ. ಅಧಿಕಾರವೆಂಬುದು ವಿನೋದಕ್ಕೆ ವೈರಿಯಲ್ಲ. ರಾಗವನ್ನು ಬಲ್ಲವನಿಗೆ ಕಚೇರಿಯಲ್ಲಿ ಸುಖವು ಹೆಚ್ಚೇ ಹೊರತು ಕಡಮೆಯಲ್ಲ.

ಹೋದವರೆಲ್ಲರೂ ಶಿಖರವನ್ನು ಮುಟ್ಟಲೇಬೇಕೆಂಬ ಹಟವನ್ನು ಮೊದಲು ಬಿಡಬೇಕು. ಮಳೆ ಕವಿದಾಗ, ಕಾಲು ಸೋತಾಗ, ದಾರಿ ತೋರುವವನು ಸಾಕೆಂದಾಗ, ಅರ್ಧದಿಂದ ಮರಳುವುದು ಸೋಲೆಂದು ಮನೆಯವರು ತಿಳಿಯಬಾರದು. ಹಿಂದಿನವರು ಬೆಟ್ಟದ ತುದಿಯನ್ನು ತುಳಿದುದಕ್ಕಿಂತ ಬುಡವನ್ನು ಪ್ರದಕ್ಷಿಣೆ ಮಾಡಿದುದೇ ಹೆಚ್ಚು; ಅದರಿಂದ ಅವರ ಭಕ್ತಿಗೂ ಕುಂದು ಬರಲಿಲ್ಲ, ಬೆಟ್ಟಕ್ಕೂ ಕುಂದು ಬರಲಿಲ್ಲ.

ಕುದುರೆಮುಖದ ಸಾಲಿನ ಬೆನ್ನಿನ ಮೇಲೆ ಬಿದ್ದ ಮಳೆಯಲ್ಲಿ ಪಡುವಣಕ್ಕೆ ಇಳಿದ ನೀರು ನೇತ್ರಾವತಿಯನ್ನು ಸೇರಿ, ತುಂಬೆಯ ಕಟ್ಟೆಯಲ್ಲಿ ನಿಂತು, ಮಂಗಳೂರಿನ ಮನೆಗಳ ನಲ್ಲಿಗಳಿಗೆ ಬರುವುದು. ಮೂಡಣಕ್ಕೆ ಇಳಿದ ನೀರು ಭದ್ರೆಯಾಗಿ, ಲಕ್ಕವಳ್ಳಿಯ ಜಲಾಶಯದಲ್ಲಿ ತಂಗಿ, ಬಯಲು ಸೀಮೆಯ ಗದ್ದೆಗಳಿಗೆ ಹರಿದು, ಕೂಡಲಿಯಲ್ಲಿ ತುಂಗೆಯೊಡನೆ ಸೇರಿ, ಮುಂದೆ ಕೃಷ್ಣೆಯ ಮೂಲಕ ಬಂಗಾಳದ ಕಡಲಿಗೆ ಹೋಗುವುದು. ಬೆಟ್ಟಕ್ಕೆ ಎಂದೂ ಹೋಗದವನು ಕೂಡ ದಿನವೂ ಅದನ್ನು ಕುಡಿಯುತ್ತಿರುವನು. ಮುಂದಿನ ಭಾನುವಾರ ಮಗನೋ ಮಗಳೋ ಬೆನ್ನಿನ ಚೀಲವನ್ನು ಇಳಿಸಿ ಕುಳಿತಾಗ ತಂದೆತಾಯಿಗಳು ಎತ್ತರದ ಪ್ರಶ್ನೆಯನ್ನು ಬಿಟ್ಟು, “ಯಾವ ಹಳ್ಳವನ್ನು ದಾಟಿದೆ? ನೀರು ತಿಳಿಯಾಗಿತ್ತೆ?” ಎಂದು ಕೇಳಲಿ. ಉತ್ತರವು ಬರದಿದ್ದರೆ ಇನ್ನೊಮ್ಮೆ ಹೋಗಿ ನೋಡಿಕೊಂಡು ಬರಲೆಂದು ಅವರೇ ಹಣವನ್ನು ಕೊಟ್ಟು ಕಳುಹಿಸಲಿ.